ಕಾಫಿ ಪಾಕೀಟಿನ ಮೇಲಿನ ಲಕ್ಕವ್ವ

ಧುಪದಾಳದ ಲಕ್ಕವ್ವ ತಾನು ಸತ್ತ ಸುದ್ದಿಯನ್ನು ತನ್ನ ಮನೆಯ ಹಿತ್ತಲಲ್ಲಿ ಭಾಂಡೆ ತಿಕ್ಕುತ್ತ ಕೇಳಿದಳು.

ಓಣಿಯ ತುದಿಯಿಂದಲೇ ಅಳುವ ದನಿ ಬಂತು. ನಮ್ಮ ಕಡೆ ಸತ್ತವರ ಮನೆಗೆ ಹೆಣ್ಣುಮಕ್ಕಳು ಸುಮ್ಮನೆ ನಡೆದು ಬರುವುದಿಲ್ಲ. ಓಣಿ ಹೊಕ್ಕಾಗಲೇ ದನಿ ತೆಗೆದು, ಸತ್ತವರ ಗುಣಗಳನ್ನು ಹಾಡಿಕೊಂಡು ಬರುತ್ತಾರೆ. ಅಂಥ ಹೊತ್ತಿನಲ್ಲಿ ಯಾರು ಸತ್ತರು ಅಂತ ಮೊದಲೇ ಕೇಳುವುದು ಮರ್ಯಾದೆಯಲ್ಲ. ಮೊದಲು ಅಳಬೇಕು, ಆಮೇಲೆ ಕೇಳಬೇಕು. ಲಕ್ಕವ್ವ ಕೈಗೆ ಹತ್ತಿದ ಬೂದಿ ತೊಳೆದುಕೊಂಡಳು, ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು, ತಾನೂ ಒಂದು ದನಿ ತೆಗೆದು ಬಾಗಿಲಿಗೆ ಬಂದಳು. ಬಂದವಳು ಹತ್ತರಗಿಗೆ ಕೊಟ್ಟ ಅವಳ ಸ್ವಂತ ತಂಗಿ ಇಂದ್ರವ್ವ. ಅವಳ ಮುಖದ ಮೇಲೂ ಸೆರಗು. ಇಬ್ಬರೂ ತೆಕ್ಕೆಗೆ ಬಿದ್ದು, ಓಣಿಯವರು ಮೆಚ್ಚುವಂತೆ ಅತ್ತರು.

ಸಾಕಷ್ಟು ಅತ್ತ ಮೇಲೆ ಲಕ್ಕವ್ವ ಕೇಳಿದಳು: "ಯಾರ ಹೋದರಬೇ?"

"ನಮ್ಮಕ್ಕ ಹೋದಳಲ್ಲಬೇ! ಒಂದ ಫೋನ್ ಸುದ್ದಾ ಮಾಡಲಿಲ್ಲ ನೀವು!"

"ಯಾವ ಅಕ್ಕ?"

"ನನಗೇನ ಸಂತಿ ತುಂಬ ಅಕ್ಕಗೋಳ ಅದಾರ? ಲಕ್ಕವ್ವ!"

ಲಕ್ಕವ್ವ ಸೆರಗು ತೆಗೆದಳು. ಇಂದ್ರವ್ವ ಕಣ್ಣು ಬಿಟ್ಟು ನೋಡಿ, ಮೊದಲಿನ ಅಳುವಿಗಿಂತ ದೊಡ್ಡ ದನಿಯಲ್ಲಿ ಚೀರಿ, ಕಟ್ಟೆಯ ಮೇಲೆ ಕುಸಿದು ಕೂತಳು. ಸೊಸೆ ವಿದ್ಯಾ ಓಡಿ ಬಂದು ನೀರು ಕುಡಿಸಿದಳು. ನನಗೆ ಇದನ್ನೆಲ್ಲ ಹೇಳಿದವಳು ಅವಳೇ. ಹೇಳುವಾಗ ನಕ್ಕಳು, ಆದರೆ ನಡುನಡುವೆ ಅತ್ತೆ ಮಲಗಿದ್ದ ಕೋಣೆಯ ಕಡೆ ನೋಡುತ್ತಿದ್ದಳು.

ತಪ್ಪು ಹತ್ತರಗಿಯವರದಲ್ಲ. ಇಂದ್ರವ್ವನ ಮಗ ಶಿವಕುಮಾರ ಹೈವೇ ಬಾಜೂದ ಹೋಟೆಲಿನಲ್ಲಿ ರೊಕ್ಕದ ಗಲ್ಲೆಯ ಮೇಲೆ ಕೂಡುತ್ತಾನೆ. ಅಲ್ಲಿಗೆ ಹೊಸದಾಗಿ ಮಾರಾಟಕ್ಕೆ ಬಂದ ಕಾಫಿ ಪಾಕೀಟಿನ ಮೇಲೆ ಅವನು ತನ್ನ ದೊಡ್ಡವ್ವನ ಮುಖ ಕಂಡ. ಮುಖದ ಸುತ್ತ ಬೆಳ್ಳಗಿನ ಹೂವಿನ ಮಾಲೆ. ನಮ್ಮಲ್ಲಿ ಮಾಲೆ ಹಾಕಿದ ಫೋಟೋಕ್ಕೆ ಒಂದೇ ಅರ್ಥ. ಸಾವಿನ ಮನೆಗೆ ಫೋನ್ ಮಾಡಿ, ಸತ್ತದ್ದು ಖರೇ ಏನ್ರಿ ಅಂತ ಕೇಳುವ ರೂಢಿಯೂ ಇಲ್ಲ. ಅವರು ಟೆಂಪೋ ಮಾಡಿಕೊಂಡು ಬಂದುಬಿಟ್ಟರು.

"ಇರ್ಲಿ ಬಿಡಬೇ, ಸುಳ್ಳ ಸುದ್ದಿ ಹುಟ್ಟಿದ್ರ ಆಯುಷ್ಯ ಹೆಚ್ಚಾಕ್ಕೈತಿ," ಅಂದು ಓಣಿಯವರೆಲ್ಲ ಸಮಾಧಾನ ಹೇಳಿದರು. ಲಕ್ಕವ್ವ ಶಿವಕುಮಾರ ತಂದಿದ್ದ ಪಾಕೀಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳಂತೆ. ಆಮೇಲೆ, "ಇಕಿ ನನ್ನ ನೋಡಾಕತ್ತಾಳ," ಅಂದಳಂತೆ.

ಆ ಫೋಟೋ ಅಲ್ಲಿಗೆ ಹೋದದ್ದು ಹೇಗೆಂದು ಹೇಳಬೇಕಾದರೆ ನಮ್ಮ ಸಂಘದ ಕಥೆ ಹೇಳಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನ ಸಣ್ಣ ಕಬ್ಬಿನವರು ಸೇರಿ ಕಟ್ಟಿಕೊಂಡ ಬೆಲ್ಲದ ಸಂಘ ಅದು. ಮೂಡಲಗಿ ಕಡೆಯ ನೇಮಣ್ಣ ಅದರ ಅಧ್ಯಕ್ಷರು. ತಲೆಯಲ್ಲಿ ಲೆಕ್ಕ ಮರಾಠಿಯಲ್ಲಿ ಮಾಡಿ, ಬಾಯಲ್ಲಿ ಕನ್ನಡದಲ್ಲಿ ಹೇಳುವ ಗಟ್ಟಿ ಜೈನ ರೈತ. ನಾನು ಕಾರ್ಯದರ್ಶಿ. ಸಂಘದಲ್ಲಿ ಕಬ್ಬಿನ ಬಗ್ಗೆ ಎಲ್ಲರಿಗಿಂತ ಕಡಿಮೆ ತಿಳಿದವನು ನಾನೇ ಆದ್ದರಿಂದ ಕಾಗದ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು.

ನಮ್ಮ ಬೆಲ್ಲ ಹೋಗುವುದು ಕೊಡಗಿನ ಸಣ್ಣ ಕಾಫಿ ಬೆಳೆಗಾರರ ಒಂದು ಸಂಘಕ್ಕೆ. ಅವರ ಕಾಫಿ, ನಮ್ಮ ಬೆಲ್ಲ, ಎರಡನ್ನೂ ಪುಡಿ ಮಾಡಿ ಬೆರೆಸಿ ಪಾಕೀಟು ಮಾಡಿ ಹೊರದೇಶಕ್ಕೆ ಕಳಿಸುತ್ತಾರೆ, ಒಂದಿಷ್ಟನ್ನು ಇಲ್ಲಿಯ ಹೈವೇ ಹೋಟೆಲುಗಳಲ್ಲೂ ಮಾರಾಟಕ್ಕೆ ಇಡುತ್ತಾರೆ. ಇದಕ್ಕೆ ಫೇರ್ ಟ್ರೇಡ್ ಅನ್ನುತ್ತಾರೆ. ನಮ್ಮ ಮಂದಿ ನ್ಯಾಯದ ವ್ಯಾಪಾರ ಅನ್ನುತ್ತಾರೆ. ಹಾಗಂದಾಗ ಉಳಿದ ವ್ಯಾಪಾರಗಳಿಗೆ ಏನಂತ ಹೆಸರು ಬಂದಂತಾಯಿತು ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪೇಟೆಯಲ್ಲಿ ಹಿಂದೆ ದಲಾಲರು ಟವೆಲ್ಲಿನ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ನಮ್ಮ ಬೆಲ್ಲದ ದರ ಗೊತ್ತು ಮಾಡುತ್ತಿದ್ದರು. ಬೆಲ್ಲ ಮಾಡಿದವನಿಗೆ ಕಾಣುತ್ತಿದ್ದದ್ದು ಟವೆಲ್ಲು ಮಾತ್ರ. ಇಲ್ಲಿ ಹಾಗಿಲ್ಲ. ಪೇಟೆ ಎಷ್ಟೇ ಬೀಳಲಿ, ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ ಅಂತ ಒಂದು ದರ ಮೊದಲೇ ಗಟ್ಟಿ. ಪೇಟೆ ಏರಿದರೆ ಇವರೂ ಏರಿಸಬೇಕು. ಅದರ ಮೇಲೆ ಸಂಘಕ್ಕೆ ಬೇರೆ ಒಂದಿಷ್ಟು ಬರುತ್ತದೆ. ಅದನ್ನು ಏನು ಮಾಡಬೇಕೆಂದು ಸದಸ್ಯರೆಲ್ಲ ಸಭೆಯಲ್ಲಿ ಕೈ ಎತ್ತಿ ತೀರ್ಮಾನಿಸಬೇಕು. ಮೊದಲ ವರ್ಷ ಅದರಲ್ಲಿ ಗಾಣದ ಉರುಳೆಗೆ ಕಬ್ಬಿಣದ ಜಾಳಿಗೆ ಹಾಕಿಸಿದೆವು. ಅಲ್ಲಿಂದೀಚೆ ಕಬ್ಬಿನ ಸಂಗಡ ಯಾರ ಕೈಯೂ ಗಾಣದೊಳಗೆ ಹೋಗಿಲ್ಲ. ಇದಕ್ಕೆಲ್ಲ ಬದಲಿಯಾಗಿ ಬೆಲ್ಲ ಬೆಳ್ಳಗಾಗಲು ಹಾಕುವ ಪುಡಿ ಹಾಕುವಂತಿಲ್ಲ, ಬೆಂಡಿ ಗಿಡದ ಲೋಳೆಯಿಂದಲೇ ಕೊಳೆ ತೆಗೆಯಬೇಕು, ಗಾಣಕ್ಕೆ ಮಕ್ಕಳನ್ನು ಹಚ್ಚುವಂತಿಲ್ಲ, ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಪಗಾರ. ತಪಾಸಣೆಯವರು ವರ್ಷಕ್ಕೊಮ್ಮೆ ಬಂದು ಹೆಣ್ಣುಮಕ್ಕಳನ್ನು ಬೇರೆ ಕೂಡಿಸಿ ಕೇಳುತ್ತಾರೆ. ಅವರು ಏನು ಹೇಳುತ್ತಾರೋ ಅಂತ ಹೊರಗೆ ನಿಂತ ಗಂಡಸರು ಆ ಹೊತ್ತಿನಷ್ಟು ದೇವರ ನೆನಪು ಮತ್ತೆಂದೂ ಮಾಡುವುದಿಲ್ಲ.

ಎಲ್ಲ ಬೆಲ್ಲವನ್ನೂ ಅವರು ಕೊಳ್ಳುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಅವರಿಗೆ ಬೇಕಾದಷ್ಟು ಒಯ್ದ ಮೇಲೆ ಉಳಿದದ್ದು ಹಳೇ ಪೇಟೆಗೇ ಹೋಗುತ್ತದೆ. ಆದರೂ ಗಂಡ ರಾಚಪ್ಪ ಹೋದ ಮೇಲೆ ಹೊಳೆದಂಡೆಯ ತುಂಡು ಹೊಲವನ್ನು ಲಕ್ಕವ್ವ ಬಿಡದೆ ಮಾಡಿದ್ದು ಈ ಗಟ್ಟಿ ದರದ ಮೇಲೆ. ಹೊಲ ಅವಳ ಹೆಸರಿನಲ್ಲಿತ್ತು, ಸಂಘದಲ್ಲಿ ಅವಳ ಕೈಗೂ ನೇಮಣ್ಣನ ಕೈಯಷ್ಟೇ ತೂಕವಿತ್ತು.

ಕಾಫಿಯವರ ಕಡೆಯಿಂದ ರಾಧಿಕಾ ಅನ್ನುವ ಹುಡುಗಿ ಬಂದಿದ್ದಳು. ಕಾಫಿ ಮಾಡಿ ನಮಗೆಲ್ಲ ಕುಡಿಸಿದಳು. ಚಹಾದ ಮಂದಿ ನಾವು. "ಸುಟ್ಟ ರೊಟ್ಟಿ ನೆನಸಿದ ನೀರ ಐತಿ," ಅಂದ ಒಬ್ಬ. ಇಂಥದ್ದನ್ನು ಕುಡಿಯುವವರು ಇಷ್ಟು ಒಳ್ಳೆ ದರ ಕೊಡುತ್ತಾರಲ್ಲ ಅಂತ ಎಲ್ಲರಿಗೂ ಅವರ ಬಗ್ಗೆ ಕನಿಕರ ಹುಟ್ಟಿತು. ಬೆಳೆದವರ ಮುಖ ಕೊಳ್ಳುವವರಿಗೆ ಕಾಣಬೇಕು ಅಂತ ರಾಧಿಕಾ ಹೊಲದಲ್ಲಿ ಲಕ್ಕವ್ವನ ಫೋಟೋ ತೆಗೆದಳು.

"ಅಮ್ಮ, ಸ್ವಲ್ಪ ನಗಿ."

"ಯಾಕ ನಗಬೇಕ್ರಿ?"

"ಸುಮ್ಮನೆ. ನಿಮ್ಮನ್ನು ನೋಡುವವರಿಗೆ ಖುಷಿಯಾಗಲಿ ಅಂತ."

"ಗುರುತಿಲ್ಲದವರ ಮುಂದ ಹೆಂಗ ನಗೂದು?"

ನಗಲಿಲ್ಲ. ನೇರ ನೋಡಿದಳು. ಯಾವುದೋ ಶಹರದಲ್ಲಿ ಕೂತ ಯಾರೋ ಅಂದಕ್ಕೆಂದು ಅದರ ಸುತ್ತ ಕಾಫಿಯ ಹೂವು ಬರೆದರು. ಕಾಫಿಯ ಹೂವು ಮಲ್ಲಿಗೆಯ ಹಾಗೆ ಬೆಳ್ಳಗಿರುತ್ತದೆ ಅಂತ ನಮಗೇನು ಗೊತ್ತು? ಪಾಕೀಟಿನ ಚಿತ್ರ ಒಪ್ಪಿಗೆಗಾಗಿ ನನ್ನ ಫೋನಿಗೆ ಬಂದಾಗ, ಚಲೋ ಐತಿ ಅಂತ ಬರೆದು ಕಳಿಸಿದವನು ನಾನೇ.

ಇಂದ್ರವ್ವ ಅತ್ತು ಹೋದ ದಿನ ಮಧ್ಯಾಹ್ನ ಲಕ್ಕವ್ವ ಉಣ್ಣಲು ಕೂತಳು. ಮೊದಲ ತುತ್ತಿಗೇ ಬಿಕ್ಕಳಿಕೆ ಬಂತು.

ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದರ್ಥ. ನೆನೆಸಿದವರ ಹೆಸರು ಸರಿಯಾಗಿ ಹೇಳಿದರೆ ನಿಂತುಹೋಗುತ್ತದೆ. ಲಕ್ಕವ್ವ ತಂಗಿಯ ಹೆಸರು ಹೇಳಿದಳು, ನಿಲ್ಲಲಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವ ಮಗ ಬಾಳೇಶನದು ಹೇಳಿದಳು. ಬೀಗರ ಹೆಸರು, ದಡ್ಡಿ ಊರಿನ ತವರು ಮನೆಯವರ ಹೆಸರು ಎಲ್ಲ ಮುಗಿದವು. ಬದುಕಿದವರು ಮುಗಿದ ಮೇಲೆ ಸತ್ತವರ ಹೆಸರು ಶುರು ಮಾಡಿದಳು. ರಾಚಪ್ಪನ ಹೆಸರನ್ನು ಬದುಕಿನಲ್ಲಿ ಮೊದಲ ಸಲ ಬಾಯಿ ಬಿಟ್ಟು ಹೇಳಿದಳು ಅಂತ ವಿದ್ಯಾ ಅಂದಳು. ನಿಲ್ಲಲಿಲ್ಲ.

ಮರುದಿನ ಅದೇ ಹೊತ್ತಿಗೆ ಮತ್ತೆ. ಅದರ ಮರುದಿನವೂ. ಗೋಕಾಕದ ಡಾಕ್ಟರು ಗಂಟಲು ನೋಡಿ, ಹೊಟ್ಟೆ ಒತ್ತಿ, "ಅವಸರ ಮಾಡಿ ಉಣಬ್ಯಾಡ್ರಿ ಅಜ್ಜಿ," ಅಂದರು. ಅವಸರವೆಲ್ಲಿ ಬಂತು? ಅವಳು ಉಣ್ಣುವುದನ್ನೇ ಬಿಡುತ್ತ ಬಂದಿದ್ದಳು. ಮೈಮೇಲಿನ ಕುಪ್ಪಸ ಸಡಿಲಾಗಿ ಬೇರೆಯವರದರ ಹಾಗೆ ಕಾಣುತ್ತಿತ್ತು.

ವಿದ್ಯಾ ಸಂಘದ ಆಫೀಸಿಗೆ ಬಂದು ನನ್ನ ಮುಂದೆ ನಿಂತಳು. "ಕಾಕಾ, ಆ ಪಾಕೀಟ ಬಂದಾಗಿಂದ ನಮ್ಮ ಅತ್ತಿ ಕರಗಾಕತ್ತಾಳ. ಫೋಟೋ ತಗಸ್ರಿ. ಇಲ್ಲಂದ್ರ ಆ ಮಾಲಿ ಖರೇ ಮಾಡತೀರಿ ನೀವು."

ನಾನು ಸುಧಾರಿಸಿದ ಮನುಷ್ಯ. ಬಿಕ್ಕಳಿಕೆ ಹೇಗೆ ಹುಟ್ಟುತ್ತದೆ ಅಂತ ಫೋನಿನಲ್ಲಿ ಓದಿಕೊಂಡು, ಅವರಿಗೆ ತಿಳಿಹೇಳಲು ಒಂದು ಮಧ್ಯಾಹ್ನ ಧುಪದಾಳಕ್ಕೆ ಹೋದೆ.

ಅವರ ಮನೆ ಹೊಳೆಗೆ ಅಡ್ಡ ಕಟ್ಟಿದ ಬಂಧಾರದ ಹತ್ತಿರ. ನೀರು ಧುಮುಕುವ ಸಪ್ಪಳ ಹಗಲೂ ಇರುಳೂ ನಿಲ್ಲುವುದಿಲ್ಲ. ಊರವರಿಗೆ ಅದು ಕೇಳಿಸುವುದೇ ಇಲ್ಲ, ನನ್ನಂಥವರು ಕೂಗಿ ಮಾತಾಡಬೇಕು. ಬಿಸಿಲು ಹೊಸ್ತಿಲವರೆಗೆ ಬಂದಿತ್ತು. ವಿದ್ಯಾ ತಾಟಿನಲ್ಲಿ ರೊಟ್ಟಿ, ಝುಣಕ ಹಾಕಿ ಅತ್ತೆಯ ಮುಂದೆ ಇಟ್ಟಳು. ನಾನು ಪಡಸಾಲೆಯ ಕಂಬಕ್ಕೆ ಒರಗಿ ಎದೆಗೂ ಹೊಟ್ಟೆಗೂ ನಡುವಿನ ವಪೆ ಅನ್ನುವ ಒಂದು ಸ್ನಾಯುವಿನ ಬಗ್ಗೆ ಭಾಷಣ ಮಾಡುತ್ತಿದ್ದೆ. ನನಗೇ ಅರ್ಥವಾಗದ ಭಾಗಕ್ಕೆ ಬಂದಿದ್ದೆ.

ಲಕ್ಕವ್ವ ರೊಟ್ಟಿ ಮುರಿದವಳು ಕೈ ತಡೆದಳು.

"ಬಂದ್ರು," ಅಂದಳು.

ಬಿಕ್ಕಳಿಕೆ ಬಂತು. ಅವಳು ಎಡಗೈಯಿಂದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಹೊರಗಿನ ಗಂಡಸರು ಒಳಗೆ ಬಂದಾಗ ಎಳೆದುಕೊಳ್ಳುವ ಹಾಗೆ. ನಾನು ಬಂದಾಗ ಎಳೆದುಕೊಂಡಿರಲಿಲ್ಲ. ಮತ್ತೊಂದು ಬಿಕ್ಕಳಿಕೆ. ಕಣ್ಣು ಬಾಗಿಲ ಕಡೆ. ಅಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಆಗ ನನಗೆ ವಾಸನೆ ಬಂತು: ರಾಧಿಕಾ ಕುಡಿಸಿದ ಆ ಸುಟ್ಟ ರೊಟ್ಟಿಯ ವಾಸನೆ. ಅವರ ಮನೆಯಲ್ಲಿ ಕಾಫಿ ಇರಲಿಲ್ಲ. ಶಿವಕುಮಾರ ತಂದ ಪಾಕೀಟನ್ನು ವಿದ್ಯಾ ಯಾವತ್ತೋ ಹೊಳೆಗೆ ಬಿಟ್ಟಿದ್ದಳು. ಏನ್ರಿ ಇದು ಅಂತ ಕೇಳಲು ಬಾಯಿ ತೆರೆದೆ, ನನ್ನ ದನಿ ನನಗೇ ಕೂಗಿದಂತೆ ಕೇಳಿ ಬಾಯಿ ಮುಚ್ಚಿದೆ. ಬಂಧಾರದ ಸಪ್ಪಳ ಕೇಳಿಸುತ್ತಿರಲಿಲ್ಲ.

"ಎಷ್ಟ ಮಂದೀರಿ?" ಅಂದೆ, ಪಿಸುಮಾತಿನಲ್ಲಿ.

"ಎಣಸಾಕ ಆಗೂದಿಲ್ಲೋ ಯಪ್ಪಾ. ಎಲ್ಲಾರೂ ಈಗ ಎದ್ದಾರ. ಕಣ್ಣಾಗ ಇನ್ನೂ ನಿದ್ದಿ ಐತಿ. ನನ್ನ ಮಾರಿ ನೋಡಕೋಂತ ಕುಡ್ಯಾಕತ್ತಾರ."

"ಏನರ ಮಾತಾಡತಾರೇನ್ರಿ?"

"ಮಾತಾಡಿದ್ರ ಚಲೋ ಇತ್ತು. ಬರೇ ನೋಡತಾರ. ಇಷ್ಟ ಮಂದಿ ನೋಡಾಕತ್ತಾಗ, ಬರ್ರಿ ಉಣ್ಣೂಣು ಅನ್ನದ ಹೆಂಗ ಉಣ್ಣಲಿ? ಅಂದ್ರ ಎಷ್ಟ ಮಂದಿಗೆ ರೊಟ್ಟಿ ಬಡೀಲಿ?"

ನಮ್ಮಲ್ಲಿ ಎದುರಿಗೆ ಯಾರಾದರೂ ಇದ್ದಾಗ ಕರೆಯದೆ ಉಣ್ಣುವುದಿಲ್ಲ. ಗುರುತಿಲ್ಲದ ದಾರಿಹೋಕನಿಗೂ ಒಂದು ಮಾತು ಅನ್ನಬೇಕು. ಅವಳು ತುತ್ತನ್ನು ತಾಟಿನಲ್ಲಿ ಇಟ್ಟು ಕೈ ತೊಳೆದುಕೊಂಡಳು. ಸ್ವಲ್ಪ ಹೊತ್ತಿಗೆ ವಾಸನೆ ಹೋಯಿತು, ನೀರಿನ ಸಪ್ಪಳ ತಿರುಗಿ ಬಂತು. ನಾನು ಸ್ನಾಯುವಿನ ವಿಷಯ ಮುಂದುವರಿಸಲಿಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ಪಾಕೀಟು ಹೋಗುವ ದೇಶಗಳಲ್ಲಿ ಬೆಳಗಾಗುವುದು ನಮ್ಮ ಮಧ್ಯಾಹ್ನದ ಊಟಕ್ಕೆ. ಆದಿತ್ಯವಾರ ತಡವಾಗಿ ಬರುತ್ತದೇನು ಅಂತ ವಿದ್ಯಾಗೆ ಫೋನ್ ಮಾಡಿ ಕೇಳಿದೆ. "ಹೌದ್ರಿ ಕಾಕಾ, ಐತವಾರ ಚಹಾದ ಹೊತ್ತಿಗೆ ಬರತೈತಿ. ಯಾಕ್ರಿ?" ಅಂದಳು. ಸೂಟಿಯ ದಿನ ಅವರು ತಡವಾಗಿ ಏಳುತ್ತಾರೆ ಅಂತ ಅವಳಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಸಭೆ ಕರೆದೆವು. ಲಕ್ಕವ್ವ ವಿದ್ಯಾಳ ಹೆಗಲು ಹಿಡಿದು ಬಂದು ಮುಂದಿನ ಸಾಲಿನಲ್ಲಿ ಕೂತಳು. ನೇಮಣ್ಣ ಗಂಟಲು ಸರಿ ಮಾಡಿಕೊಂಡರು.

"ನೋಡ್ರಿ, ಮುಖ ಇದ್ರ ಮಾಲ ಹೋಗತೈತಿ. ಮುಖ ತಗದ್ರ ಅವರು ನಮ್ಮ ಬೆಲ್ಲಾ ಕಡಿಮಿ ತಗೋಬಹುದು. ಮತ್ತ ಟವೆಲ್ ಕೆಳಗ ಹೋಗೂದು ಆಕ್ಕೈತಿ. ಅದನ್ನೂ ವಿಚಾರ ಮಾಡ್ರಿ."

"ನಿಮ್ಮ ವಿಚಾರ ನೀವು ಉಂಡು ಮಾಡತೀರಿ ನೇಮಣ್ಣಾ," ಅಂದಳು ಲಕ್ಕವ್ವ. "ನಾ ಉಪವಾಸ ಮಾಡತೇನಿ."

ನಾನು ರಾಧಿಕಾಗೆ ಫೋನ್ ಹಚ್ಚಿ ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲೆ ಇಟ್ಟೆ. ಬಿಕ್ಕಳಿಕೆಯ ವಿಷಯ ಹೇಳದೆ, ಅಜ್ಜಿಗೆ ಮನಸ್ಸಿಲ್ಲ ಅಂತಷ್ಟೇ ಅಂದೆ.

"ಅವರಿಗೆ ಬೇಡ ಅಂದ್ರೆ ತೆಗೀಲೇಬೇಕು ಸರ್. ಅದು ನಮ್ಮ ನಿಯಮದಲ್ಲೇ ಇದೆ. ಮಾರಾಟ ಸ್ವಲ್ಪ ಇಳೀಬಹುದು, ಆದ್ರೆ ದರ ಇಳಿಸೋ ಹಾಗಿಲ್ಲ." ಆಮೇಲೆ ಅವಳೇ ಕೇಳಿದಳು: "ಸರ್, ಅವರಿಗೆ ಊಟ ಸೇರ್ತಾ ಇದೆಯಾ?"

ಸಭೆಯಲ್ಲಿ ಎಲ್ಲರೂ ಮೇಜಿನ ಮೇಲಿನ ಫೋನನ್ನು ನೋಡಿದರು.

"ಯಾಕಮ್ಮಾ?" ಅಂದೆ.

"ಏನಿಲ್ಲ. ಮೊದಲು ನಮ್ಮ ಕಾಫಿ ಬೆಳೆಗಾರರೊಬ್ಬರ ಮುಖ ಹಾಕಿದ್ವಿ. ಅವರೂ ತೆಗೀರಿ ಅಂದ್ರು. ಯಾಕೆ ಅಂತ ಹೇಳಲಿಲ್ಲ. ತುಂಬಾ ಸೊರಗಿದ್ರು."

ಲಕ್ಕವ್ವನ ಮುಖ ತೆಗೆಯಬೇಕು ಅಂತ ಎಲ್ಲ ಕೈಗಳೂ ಒಟ್ಟಿಗೆ ಎದ್ದವು. ಇನ್ನು ಯಾರ ಮುಖ ಹಾಕೋಣ ಅಂತ ನೇಮಣ್ಣ ಕೇಳಿದಾಗ ಅಷ್ಟೇ ಬೇಗ ಎಲ್ಲ ತಲೆಗಳೂ ಕೆಳಗಾದವು. ಮದುವೆಯ ಫೋಟೋದಲ್ಲಿ ಗಂಡಿನ ಅಪ್ಪನನ್ನು ಸರಿಸಿ ಮುಂದೆ ಬರುವ ಮಂದಿ ಅವರು. ಅವತ್ತು ಒಬ್ಬನೂ ನೆಲದಿಂದ ಕಣ್ಣೆತ್ತಲಿಲ್ಲ.

"ಕಾರ್ಯದರ್ಶಿಗಳದ ಹಾಕೂಣೇನು?" ಅಂದ ಹಿಂದಿನವನೊಬ್ಬ.

ನನ್ನ ಮುಖ ನೋಡಿಕೊಂಡು ಕುಡಿದರೆ ಸಕ್ಕರೆ ಕಾಯಿಲೆಯವರಿಗೂ ಬೆಲ್ಲ ಕಹಿಯಾದೀತು ಅಂತ ನಾನೇ ಒಪ್ಪಿಕೊಂಡು ಪಾರಾದೆ. ಕೊನೆಗೆ ಬರೀ ಬೆಲ್ಲದ ಪೆಂಟಿಯ ಚಿತ್ರ ಸಾಕು ಅಂತಾಯಿತು. ರಾಧಿಕಾ ಒಪ್ಪಿದಳು. ಅವರು ಕೊಳ್ಳುವ ಬೆಲ್ಲ ಒಂದಿಷ್ಟು ಕಡಿಮೆಯಾದದ್ದು ನಿಜ. ಅದರ ನಷ್ಟವನ್ನು ಎಲ್ಲರೂ ಸಮನಾಗಿ ಹೊತ್ತರು. ಗೊಣಗಲು ಬಾಯಿ ತೆರೆದವರು ಲಕ್ಕವ್ವನ ಕುಪ್ಪಸದ ಸಡಿಲು ನೋಡಿ ಮುಚ್ಚಿದರು.

ಹಳೆಯ ಪಾಕೀಟುಗಳು ದೂರದ ಅಡುಗೆಮನೆಗಳಲ್ಲಿ ಒಂದೊಂದಾಗಿ ತೀರುತ್ತ ಹೋದ ಹಾಗೆ ಬಿಕ್ಕಳಿಕೆ ಇಳಿಯಿತು. "ಇವತ್ತ ಗದ್ದಲ ಕಡಿಮಿ ಇತ್ತು," ಅನ್ನುತ್ತಿದ್ದಳು ಲಕ್ಕವ್ವ, ಸಂತೆಯಿಂದ ಬಂದವರು ಅನ್ನುವ ಹಾಗೆ. ಅರ್ಧ ರೊಟ್ಟಿ ತಿಂದಳು, ಆಮೇಲೆ ಒಂದು. ಹೊಲಕ್ಕೆ ಹೋಗತೊಡಗಿದಳು.

ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಒಂದೇ ಉಳಿಯಿತು. ಮಧ್ಯಾಹ್ನಕ್ಕೊಂದು ಸಣ್ಣ ಬಿಕ್ಕಳಿಕೆ, ಅಷ್ಟೇ.

"ಮುದಕ," ಅಂದಳು ವಿದ್ಯಾಗೆ. "ಒಬ್ಬನ ಅದಾನ. ಪಾಕೀಟ ಖಾಲಿ ಆಗೇತಿ, ಒಗದಿಲ್ಲ. ಕಿಡಕ್ಯಾಗ ನಿಂದರಿಸ್ಯಾನ. ಹೊರಗ ಬೆಳ್ಳಗ ಏನೋ ಬೀಳಾಕತ್ತೈತಿ, ಹತ್ತಿ ಅರಳಿ ಹಿಂಜಿ ಒಗದಂಗ. ಎರಡ ಕಪ್ಪ ಇಡತಾನ, ಒಂದ ಕುಡೀತಾನ."

"ಅಂವನ್ನೂ ಹೆಂಗರ ಮಾಡಿ ಕಳಸೂಣೇನ್ರಿ ಅತ್ತಿ?"

"ಒಬ್ಬಂವ ಆದ್ರ ನಾ ಸಂಭಾಳಿಸತೇನಿ."

ಒಬ್ಬನಾದರೆ ಕರೆಯಬಹುದಲ್ಲ. ಅವತ್ತಿನಿಂದ ಬಿಕ್ಕಳಿಕೆ ಬಂದ ಕೂಡಲೆ ಲಕ್ಕವ್ವ ಬಾಗಿಲ ಬಿಸಿಲಿಗೆ ಮುಖ ಮಾಡಿ, "ಬಾರಪ್ಪಾ, ಉಣ್ಣೂಣು," ಅನ್ನುತ್ತಿದ್ದಳು. ಅಂದ ಮೇಲೆ ನಿಂತುಹೋಗುತ್ತಿತ್ತು. ಅವಳು ನೆಮ್ಮದಿಯಿಂದ ಉಣ್ಣುತ್ತಿದ್ದಳು. ಸೆರಗು ತಲೆಯ ಮೇಲೆ ಎಳೆದುಕೊಳ್ಳುವುದನ್ನೂ ಬಿಟ್ಟಳು. ಮನೆಯ ಮನುಷ್ಯ ಆದ ಅಂತ ವಿದ್ಯಾ ನಗುತ್ತಿದ್ದಳು, ಆದರೆ ಆ ಹೊತ್ತಿಗೆ ಬಾಗಿಲಿಗೆ ಅಡ್ಡ ನಿಲ್ಲುತ್ತಿರಲಿಲ್ಲ.

ಗಾಣ ಶುರುವಾದ ವಾರ ಒಂದು ಮಧ್ಯಾಹ್ನ ಬಿಕ್ಕಳಿಕೆ ಬರಲಿಲ್ಲ. ಲಕ್ಕವ್ವ ತುತ್ತು ಹಿಡಿದು ಕಾದಳು. ರೊಟ್ಟಿ ಆರಿತು. ಮರುದಿನವೂ ಬರಲಿಲ್ಲ. ಆದಿತ್ಯವಾರ ತಡವಾಗಿ ಬಂದೀತು ಅಂತ ಚಹಾದ ಹೊತ್ತಿನವರೆಗೂ ತಾಟಿನ ಮುಂದೆ ಕೂತಿದ್ದಳು. ಆಮೇಲೆ ಎದ್ದು, ಹೊಸ ಬೆಲ್ಲ ಮನೆಗೆ ತರಿಸಿ, ಗೋಧಿ ಕುಟ್ಟಲು ಕೂತಳು.

ಸತ್ತವರ ದಿನಕ್ಕೆ ಮಾಡುವ ಹಾಗೆ ಗೋಧಿ ಹುಗ್ಗಿ ಮಾಡಿ ಓಣಿಯವರನ್ನೂ ನನ್ನನ್ನೂ ಕರೆದಳು. ಮಠದ ಅಯ್ಯನವರೂ ಬಂದರು. ವಿಭೂತಿ ಹಚ್ಚಿಕೊಂಡು ಕೂತ ಅಯ್ಯನವರು ಕೇಳಿದರು: "ಯಾರ ದಿನಾರಿ ಲಕ್ಕವ್ವಾ? ಹೆಸರ ಹೇಳ್ರಿ."

"ಹೆಸರ ಗೊತ್ತಿಲ್ರಿ ಅಪ್ಪಾರ. ದೂರದಾಂವ."

"ಊರರ?"

"ಬೆಳ್ಳಗ ಬೀಳೂ ಊರ."

ಅಯ್ಯನವರು ನನ್ನ ಮುಖ ನೋಡಿದರು. ನಾನು ಹುಗ್ಗಿಯ ಮುಖ ನೋಡಿದೆ. ಅವರು ಮತ್ತೇನೂ ಕೇಳದೆ ಕಣ್ಣು ಮುಚ್ಚಿ ತಮ್ಮ ಮಾತು ತಾವು ಹೇಳಿ ಮುಗಿಸಿದರು.

ಎಲ್ಲರಿಗೂ ಬಡಿಸಿದ ಮೇಲೆ ಲಕ್ಕವ್ವ ಇನ್ನೊಂದು ತಾಟಿನಲ್ಲಿ ಹುಗ್ಗಿ ಹಾಕಿ, ಮೇಲೆ ತುಪ್ಪ ಬಿಟ್ಟು, ಬಾಗಿಲ ಬಿಸಿಲಿನಲ್ಲಿಟ್ಟಳು.

"ಅಂಥಾ ದೇಶದವರಿಗೆ ನಮ್ಮ ಹುಗ್ಗಿ ಸೇರತೈತೇನ್ರಿ ಅತ್ತಿ?" ಅಂದಳು ವಿದ್ಯಾ ಸಣ್ಣ ದನಿಯಲ್ಲಿ.

"ಸೇರಲಾರದ ಏನು? ನಮ್ಮ ಬೆಲ್ಲದ ರುಚಿ ಅಂವಗ ಗೊತ್ತೈತಿ."

ಅಂದು ತನ್ನ ತಾಟಿನ ಮುಂದೆ ಕೂತಳು. ಉಂಡಳು, ಹೊಟ್ಟೆ ತುಂಬ ಉಂಡಳು. ಆದರೆ ಪ್ರತಿ ತುತ್ತಿಗೂ ಮೊದಲು ಕೈ, ಬಿಕ್ಕಳಿಕೆಗೆ ಕಾಯುವ ಹಾಗೆ, ಒಂದಿಷ್ಟು ಹೊತ್ತು ಬಾಯಿಯ ಹತ್ತಿರ ನಿಲ್ಲುತ್ತಿತ್ತು. ನಾವೆಲ್ಲ ಉಣ್ಣುವುದನ್ನು ಬಿಟ್ಟು ಅವಳ ಗಂಟಲನ್ನೇ ನೋಡುತ್ತ ಕೂತಿದ್ದೆವು.